ಟಗ್ ಮಾದರಿಯ ಸುಟ್ಟ ದೀಪಗಳು: ಒಂದು ಪ್ರಕರಣ ಅಧ್ಯಯನ

ಪಣಂಬೂರಿನ ಬಂದರಿನಲ್ಲಿ ಬಹುಕಾಲ ದುಡಿದು ನಿವೃತ್ತರಾದ ಮಂಗಳೂರಿನ ಹಿರಿಯರೊಬ್ಬರ ಬಳಿ ರಿಮೋಟ್‌ನಿಂದ ನಡೆಯುವ ಟಗ್ ದೋಣಿಯ ಮಾದರಿಯೊಂದಿದೆ. ದೊಡ್ಡ ಹಡಗುಗಳನ್ನು ಎಳೆದು ತಳ್ಳಿ ಧಕ್ಕೆಗೆ ತಂದು ನಿಲ್ಲಿಸುವ, ಮೂವತ್ತು ಮೀಟರ್ ಉದ್ದದ ಟಗ್ಗನ್ನು 1:40ರ ಅಳತೆಗೆ ಇಳಿಸಿ ಅವರು ತಮ್ಮ ಕೈಯಾರೆ ಕಟ್ಟಿದ ಮಾದರಿ ಅದು. ಮುಕ್ಕಾಲು ಮೀಟರ್ ಉದ್ದದ ಫೈಬರ್‌ಗ್ಲಾಸ್ ಒಡಲು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿದ ಕ್ಯಾಬಿನ್, ಹಿತ್ತಾಳೆ ಕೊಳವೆಯ ಮಾಸ್ಟ್ (ದೀಪಗಳನ್ನು ಹೊರುವ ಎತ್ತರದ ಕಂಬ), ಒಟ್ಟು ಹನ್ನೊಂದು ದೀಪಗಳು. ಸಂಜೆ ಹೊತ್ತಿನಲ್ಲಿ ತಣ್ಣೀರುಬಾವಿ ಕಡೆಯ ಗುರುಪುರ ನದಿಯ ನಿಂತಂತಿರುವ ನೀರಿನಲ್ಲಿ ಅದನ್ನು ಓಡಿಸುವುದು ಅವರ ರೂಢಿ. ಬೆಳಕು ಇಳಿದ ಮೇಲೆ ದೋಣಿ ಯಾವ ಕಡೆಗೆ ಮುಖ ಮಾಡಿದೆ ಎಂದು ದಡದಲ್ಲಿ ನಿಂತವರಿಗೆ ತಿಳಿಯುವುದು ದೀಪಗಳಿಂದಲೇ ಆದ್ದರಿಂದ, ಈ ಮಾದರಿಯಲ್ಲಿ ದೀಪಗಳು ಬರಿಯ ಅಲಂಕಾರವಾಗಿರಲಿಲ್ಲ.

ಒಂದು ಮಳೆಗಾಲ ಕಳೆದು ದೋಣಿ ಮತ್ತೆ ನೀರಿಗಿಳಿದ ಕೆಲವೇ ವಾರಗಳಲ್ಲಿ ದೀಪಗಳು ಒಂದರ ಹಿಂದೆ ಒಂದರಂತೆ ಆರತೊಡಗಿದವು. ಕೊನೆಗೆ ಉಳಿದದ್ದು ಎರಡು ಮಾತ್ರ. ಎಲ್ಲವನ್ನೂ ಕಿತ್ತು ಎಲ್‌ಇಡಿ ಹಾಕಿಕೊಡಬೇಕೆಂದು ಅವರು ದೋಣಿಯನ್ನು ನನ್ನ ಮೇಜಿಗೆ ತಂದರು. ಎಲ್‌ಇಡಿ ಹಾಕುವುದಕ್ಕೆ ನನ್ನ ಅಡ್ಡಿ ಇರಲಿಲ್ಲ. ಆದರೆ ವರ್ಷಗಟ್ಟಲೆ ಸರಿಯಾಗಿ ಉರಿದ ಬಲ್ಬುಗಳು ಇದ್ದಕ್ಕಿದ್ದಂತೆ ಸಾಲಾಗಿ ಹೋದುದಕ್ಕೆ ಒಂದು ಕಾರಣ ಇರಲೇಬೇಕು, ಆ ಕಾರಣ ಗೊತ್ತಾಗದೆ ಹೊಸ ದೀಪ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯವಾಗಿತ್ತು. ಹಾಗಾಗಿ ಬೆಸುಗೆ ಕಡ್ಡಿ ಬಿಸಿ ಮಾಡುವ ಮೊದಲು ತಪಾಸಣೆಗೆ ಕುಳಿತೆವು.

ಯಾವ ದೀಪ, ಯಾತಕ್ಕೆ

ತಪಾಸಣೆಯ ವಿವರಕ್ಕೆ ಹೋಗುವ ಮುನ್ನ ಈ ಹನ್ನೊಂದು ದೀಪಗಳನ್ನು ಪರಿಚಯಿಸುವುದು ಅಗತ್ಯ. ಪ್ರಕರಣದ ಸುಳಿವು ಇರುವುದೇ ಅವು ಯಾವಾಗ ಉರಿಯುತ್ತವೆ ಎಂಬುದರಲ್ಲಿ. ಸಮುದ್ರದಲ್ಲಿ ಹಡಗುಗಳು ತೋರಿಸಬೇಕಾದ ದೀಪಗಳನ್ನು 1972ರ ಅಂತರರಾಷ್ಟ್ರೀಯ ನಿಯಮಾವಳಿ ಗೊತ್ತುಪಡಿಸಿದೆ. ಅದು 1977ರ ಜುಲೈಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಮಾಸ್ಟ್ ಮೇಲಿನ ಬಿಳಿ ದೀಪ ಮುಂದಿನ 225 ಡಿಗ್ರಿಗಳಷ್ಟು ವ್ಯಾಪ್ತಿಯಲ್ಲಿ ಕಾಣಬೇಕು. ಎಡಬದಿಯ ಕೆಂಪು ಮತ್ತು ಬಲಬದಿಯ ಹಸಿರು ದೀಪಗಳು ನೇರ ಮುಂದಿನಿಂದ ತಮ್ಮ ತಮ್ಮ ಬದಿಗೆ 112.5 ಡಿಗ್ರಿವರೆಗೆ ಕಾಣಬೇಕು, ಹಿಂಬದಿಯ ಬಿಳಿ ದೀಪ ಉಳಿದ 135 ಡಿಗ್ರಿಗಳಲ್ಲಿ ಕಾಣಬೇಕು. ಟಗ್ ಏನನ್ನಾದರೂ ಎಳೆಯುತ್ತಿದ್ದಾಗ ಮಾಸ್ಟ್ ಮೇಲೆ ಒಂದರ ಬದಲು ಒಂದರ ಕೆಳಗೊಂದು ಎರಡು ಬಿಳಿ ದೀಪಗಳನ್ನು ಹೊತ್ತಿಸಬೇಕು, ಎಳೆತದ ಉದ್ದ 200 ಮೀಟರ್ ಮೀರಿದರೆ ಮೂರು. ಜೊತೆಗೆ ಹಿಂಬದಿಯ ಬಿಳಿ ದೀಪದ ಮೇಲೆ ಒಂದು ಹಳದಿ ದೀಪವೂ ಬೇಕು.

ಮಾದರಿಯಲ್ಲಿ ಇವೆಲ್ಲ ಇದ್ದವು. ಮಾಸ್ಟ್‌ನಲ್ಲಿ ಎರಡು ಬಿಳಿ, ಬದಿಗಳಲ್ಲಿ ಕೆಂಪು ಮತ್ತು ಹಸಿರು, ಹಿಂಬದಿಯಲ್ಲಿ ಬಿಳಿ ಮತ್ತು ಹಳದಿ, ಚುಕ್ಕಾಣಿ ಕೋಣೆಯ ನೆತ್ತಿಯ ಮೇಲೆ ಒಂದು ಸರ್ಚ್‌ಲೈಟ್, ಹಿಂದಿನ ಡೆಕ್ಕಿಗೆ ಬೆಳಕು ಬೀರುವ ಎರಡು, ಕ್ಯಾಬಿನ್ ಒಳಗೆ ಎರಡು. ರಿಮೋಟಿನ ಒಂದು ಸ್ವಿಚ್ಚು ಸಾಮಾನ್ಯ ದೀಪಗಳನ್ನು ಹೊತ್ತಿಸಿದರೆ, ಇನ್ನೊಂದು ಸ್ವಿಚ್ಚು ಎಳೆಯುವಾಗ ಬೇಕಾದ ಮೇಲಿನ ಬಿಳಿ ಮತ್ತು ಹಳದಿ ದೀಪಗಳನ್ನು ಮಾತ್ರ ಹೊತ್ತಿಸುತ್ತಿತ್ತು. ಎಲ್ಲವೂ 6 ವೋಲ್ಟಿನ, ಗೋಧಿ ಕಾಳಿನಷ್ಟು ಗಾತ್ರದ ಫಿಲಮೆಂಟ್ ಬಲ್ಬುಗಳು.

ತಪಾಸಣೆ

ಮಲ್ಟಿಮೀಟರಿನಿಂದ ಒಂದೊಂದೇ ಬಲ್ಬಿನ ಎರಡು ತುದಿಗಳನ್ನು ಮುಟ್ಟಿ ನೋಡಿದಾಗ ಏಳು ಬಲ್ಬುಗಳಲ್ಲಿ ಫಿಲಮೆಂಟ್ ಕಡಿದಿರುವುದು ಖಚಿತವಾಯಿತು. ಉರಿಯುತ್ತಿದ್ದ ಎರಡು ಬಲ್ಬುಗಳು ಎಳೆಯುವ ಸ್ವಿಚ್ಚಿಗೆ ಸೇರಿದವು, ಅಂದರೆ ಮೇಲಿನ ಬಿಳಿ ಮತ್ತು ಹಳದಿ. ಮಾಲೀಕರು ಅಪರೂಪಕ್ಕೊಮ್ಮೆ ಸಣ್ಣ ಬಾರ್ಜ್ (ಚಪ್ಪಟೆ ಸರಕು ದೋಣಿ) ಒಂದನ್ನು ಕಟ್ಟಿ ಎಳೆಸಿದಾಗಲಷ್ಟೇ ಅವು ಉರಿಯುತ್ತಿದ್ದವು. ಅಚ್ಚರಿ ಹುಟ್ಟಿಸಿದ್ದು ಕ್ಯಾಬಿನ್ನಿನ ಎರಡು ಬಲ್ಬುಗಳು. ಅವು ಉರಿಯುತ್ತಿರಲಿಲ್ಲ, ಆದರೆ ಮೀಟರಿನಲ್ಲಿ ಫಿಲಮೆಂಟ್ ಸರಿಯಾಗಿಯೇ ತೋರುತ್ತಿತ್ತು.

ಸುಟ್ಟ ಬಲ್ಬುಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಗಾಜಿನ ಒಳಮೈಯಲ್ಲಿ ಕನ್ನಡಿಯ ಹಿಂಬದಿಯಂತೆ ಹೊಳೆಯುವ ಬೂದು-ಕಪ್ಪು ಲೇಪವಿತ್ತು, ಫಿಲಮೆಂಟಿನ ಕಡಿದ ತುದಿಗಳಲ್ಲಿ ಕರಗಿದ ಸಣ್ಣ ಗುಂಡುಗಳಿದ್ದವು. ಗಾಜು ಬಿರುಕು ಬಿಟ್ಟು ಗಾಳಿ ಒಳನುಗ್ಗಿ ಸುಟ್ಟ ಬಲ್ಬಿನಲ್ಲಿ ಬಿಳಿಯ ಪುಡಿ ಕಾಣಸಿಗುತ್ತದೆ; ಇಲ್ಲಿ ಅದರ ಸುಳಿವೂ ಇರಲಿಲ್ಲ. ಟಂಗ್‌ಸ್ಟನ್ ಅತಿಯಾಗಿ ಕಾದು, ಆವಿಯಾಗಿ, ತಣ್ಣನೆಯ ಗಾಜಿನ ಮೇಲೆ ಕುಳಿತುಕೊಂಡಿದೆ ಎಂಬುದನ್ನು ಆ ಕಪ್ಪು ಸ್ಪಷ್ಟವಾಗಿ ಹೇಳುತ್ತಿತ್ತು. ಹಾಗಿದ್ದರೆ ಬಲ್ಬುಗಳಿಗೆ ಸಿಗುತ್ತಿದ್ದ ವೋಲ್ಟೇಜ್ ಎಷ್ಟು? ದೋಣಿಯ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಬಲ್ಬಿನ ಜಾಗದಲ್ಲೇ ಮೀಟರ್ ಇಟ್ಟು ನೋಡಿದಾಗ 8.3 ವೋಲ್ಟ್ ತೋರಿಸಿತು.

ಇಲ್ಲಿ ಮಾಲೀಕರ ಮಾತು ನೆರವಿಗೆ ಬಂತು. ಮಳೆಗಾಲದಲ್ಲಿ ಹಳೆಯ 6 ವೋಲ್ಟಿನ ಸೀಸದ ಬ್ಯಾಟರಿ ಚಾರ್ಜ್ ಹಿಡಿಯದೆ ಹೋದುದರಿಂದ ಅವರು ಅದರ ಬದಲು ಎರಡು ಸೆಲ್ಲುಗಳ ಲಿಥಿಯಂ ಬ್ಯಾಟರಿ ಹಾಕಿದ್ದರು. ಮೋಟಾರಿಗೂ ವೇಗ ನಿಯಂತ್ರಕಕ್ಕೂ ಆ ಬ್ಯಾಟರಿ ಒಗ್ಗುತ್ತಿತ್ತು. ತೂಕ ಕಡಿಮೆಯಾಗಿ ದೋಣಿ ನೀರಿನಿಂದ ಮೇಲೆದ್ದು ನಿಂತದ್ದನ್ನು ಕಂಡು, ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಳದಲ್ಲಿಟ್ಟು ಸರಿದೂಗಿಸಿಯೂ ಇದ್ದರು. ದೀಪಗಳ ಯೋಚನೆ ಮಾತ್ರ ಬಂದಿರಲಿಲ್ಲ. "ಹೊಸ ಬ್ಯಾಟರಿ ಹಾಕಿದ ದಿನ ದೀಪಗಳು ಎಷ್ಟು ಚಂದ ಬೆಳಗಿದವು ಗೊತ್ತುಂಟಾ ಮಾರಾಯ್ರೆ, ನಾನು ಖುಷಿಯಾದೆ" ಎಂದು ಅವರು ನೆನಪಿಸಿಕೊಂಡರು. ಒಂದು ಬಲ್ಬು ಹೋದಾಗ ಮನೆಯಲ್ಲಿದ್ದ ಹಳೆಯ ಸೀರಿಯಲ್ ಸೆಟ್‌ನಿಂದ ಒಂದನ್ನು ಕಿತ್ತು ಮಾಸ್ಟಿಗೆ ಹಾಕಿದ್ದೂ, ಅದು ಕೆಲವೇ ಸಂಜೆಗಳಲ್ಲಿ ಸುಟ್ಟುಹೋದದ್ದೂ ಆಗ ತಿಳಿಯಿತು. ಕ್ಯಾಬಿನ್ ದೀಪಗಳು ಮಾತ್ರ ಬ್ಯಾಟರಿ ಬದಲಿಸುವ ಮೊದಲೇ, ಮಳೆಗಾಲಕ್ಕೂ ಮುಂಚೆ, ಆರಿದ್ದವಂತೆ.

ಕಾರಣ

ಫಿಲಮೆಂಟ್ ಬಲ್ಬಿನ ಆಯುಷ್ಯ ವೋಲ್ಟೇಜಿಗೆ ಎಷ್ಟು ಅಂಜುತ್ತದೆ ಎಂಬುದನ್ನು ಎಲೆಕ್ಟ್ರಿಕಲ್ ಕೆಲಸದವರು ಬಲ್ಲರು, ಮಾದರಿ ಕಟ್ಟುವವರಲ್ಲಿ ಹಲವರ ಗಮನಕ್ಕೆ ಅದು ಬಂದಿರುವುದಿಲ್ಲ. ಸ್ಥೂಲ ಲೆಕ್ಕದಲ್ಲಿ ಬಲ್ಬಿನ ಆಯುಷ್ಯ ವೋಲ್ಟೇಜಿನ ಸುಮಾರು ಹನ್ನೆರಡನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ, ಬೆಳಕು ಸುಮಾರು ಮೂರೂವರೆ ಘಾತದಷ್ಟು ಏರುತ್ತದೆ. ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿಯ ಮೇಲೆ 7.4 ವೋಲ್ಟ್ ಎಂದು ಬರೆದಿದ್ದರೂ, ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್ ಕೊಡುತ್ತದೆ. 6 ವೋಲ್ಟಿನ ಬಲ್ಬಿಗೆ ಅದು 1.4 ಪಟ್ಟು. 1.4ನ್ನು ಹನ್ನೆರಡನೆಯ ಘಾತಕ್ಕೆ ಏರಿಸಿದರೆ 56 ದಾಟುತ್ತದೆ. ಅಂದರೆ ಚಾರ್ಜ್ ತುಂಬಿದ ಹೊತ್ತಿನಲ್ಲಿ ಬಲ್ಬು ಮೂರು ಪಟ್ಟು ಬೆಳಗುತ್ತಾ ತನ್ನ ಆಯುಷ್ಯವನ್ನು ಐವತ್ತು ಪಟ್ಟಿಗೂ ಮೀರಿದ ವೇಗದಲ್ಲಿ ಕಳೆಯುತ್ತದೆ. ಬ್ಯಾಟರಿ 7.4ಕ್ಕೆ ಇಳಿದ ಮೇಲೂ ಆಯುಷ್ಯ ಹನ್ನೆರಡರಲ್ಲಿ ಒಂದು ಪಾಲಿಗೆ ಕುಗ್ಗಿಯೇ ಇರುತ್ತದೆ. ಹಳೆಯ ಸೀಸದ ಬ್ಯಾಟರಿ ತುಂಬಿದಾಗಲೂ 6.4 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತಿದ್ದುದರಿಂದ ಈ ತೊಂದರೆ ಕಾಣಿಸಿಕೊಂಡಿರಲಿಲ್ಲ.

ಬಹುತೇಕ ಬಲ್ಬುಗಳು ಸ್ವಿಚ್ಚು ಹಾಕಿದ ಕ್ಷಣದಲ್ಲೇ ಹೋದವೆಂದು ಮಾಲೀಕರು ಹೇಳಿದ್ದೂ ಇದಕ್ಕೆ ಹೊಂದುತ್ತದೆ. ತಣ್ಣಗಿರುವ ಟಂಗ್‌ಸ್ಟನ್ನಿನ ರೋಧ ಕಾದಾಗಿನ ಹತ್ತನೆಯ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ. ಹೊತ್ತಿಸಿದ ಮೊದಲ ಕ್ಷಣದಲ್ಲಿ ಹತ್ತಾರು ಪಟ್ಟು ವಿದ್ಯುತ್ ನುಗ್ಗಿ ಬರುತ್ತದೆ, ಆವಿಯಾಗಿ ತೆಳ್ಳಗಾದ ಫಿಲಮೆಂಟ್ ಅದನ್ನು ತಾಳಲಾರದು. ಅಪರೂಪಕ್ಕೆ ಉರಿಯುತ್ತಿದ್ದ ಎರಡು ದೀಪಗಳು ಉಳಿದದ್ದೂ, ಹೊಸ ಬ್ಯಾಟರಿಯ ಮುಖವನ್ನೇ ನೋಡದ ಕ್ಯಾಬಿನ್ ಬಲ್ಬುಗಳ ಫಿಲಮೆಂಟ್ ಗಟ್ಟಿಯಾಗಿದ್ದದ್ದೂ ಈ ವಿವರಣೆಗೆ ಎರಡು ಕಡೆಯಿಂದ ಸಾಕ್ಷಿ ನುಡಿದವು.

ಕ್ಯಾಬಿನ್ ದೀಪಗಳ ರೋಗ ಬೇರೆಯದೇ ಆಗಿತ್ತು. ಅವುಗಳ ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿದಾಗ ಒಳಗಿನ ತಾಮ್ರದ ಎಳೆಗಳು ತಮ್ಮ ಕೆಂಪನ್ನು ಕಳೆದುಕೊಂಡು ಮಸಿಯಂತೆ ಕಪ್ಪಾಗಿದ್ದವು; ಬೆಸುಗೆಯ ಬಳಿ ಹಸಿರು ಕಿಲುಬು ಕಟ್ಟಿತ್ತು. ಸ್ವಲ್ಪ ಹಿಂದಕ್ಕೆ ಕತ್ತರಿಸಿ ಮತ್ತೆ ಸುಲಿದರೆ ಅಲ್ಲಿಯೂ ಕಪ್ಪು. ನದಿಯ ಆ ಭಾಗದಲ್ಲಿ ಸಮುದ್ರದ ಉಪ್ಪುನೀರು ಬೆರೆಯುತ್ತದೆ. ಒಡಲಿನೊಳಗೆ ತೊಟ್ಟಿಕ್ಕಿದ ಹನಿ ವೈರಿನ ತುದಿಯನ್ನು ಮುಟ್ಟಿದರೆ ಸಾಕು, ಎಳೆಗಳ ನಡುವಿನ ಸಂದಿಯಲ್ಲಿ ಅದು ಹೊದಿಕೆಯೊಳಗೆ ಏರುತ್ತಾ ಹೋಗುತ್ತದೆ. ಹೊರಗಿನಿಂದ ನೋಡಿದರೆ ವೈರು ಹೊಸದರಂತೆಯೇ ಇರುತ್ತದೆ, ಆದರೆ ಇಂಥ ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹಾಗಾಗಿ ಹಳೆಯ ವೈರುಗಳಲ್ಲಿ ಒಂದನ್ನೂ ಉಳಿಸಿಕೊಳ್ಳದೆ, ತವರ ಲೇಪಿತ ಎಳೆಗಳ ಹೊಸ ವೈರನ್ನೇ ಎಳೆಯುವುದೆಂದು ತೀರ್ಮಾನಿಸಿದೆವು.

ಮುಂದಿನ ದಾರಿ

ಮೂರು ದಾರಿಗಳಿದ್ದವು. 12 ವೋಲ್ಟಿನ ಬಲ್ಬುಗಳನ್ನು ಹಾಕಿದರೆ ಅವು ಬಹುಕಾಲ ಬಾಳುತ್ತವೆ, ಆದರೆ 7.4 ವೋಲ್ಟಿನಲ್ಲಿ ಅವುಗಳ ಬೆಳಕು ಐದನೆಯ ಒಂದು ಪಾಲಿಗೆ ಇಳಿದು ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಬಿಳಿಯ ದೀಪ ಬಿಳಿಯಾಗಿ ಉಳಿಯುವುದಿಲ್ಲ. ವೋಲ್ಟೇಜನ್ನು 6ಕ್ಕೆ ಕಟ್ಟಿಹಾಕಿ ಮತ್ತೆ ಅದೇ ಬಗೆಯ ಬಲ್ಬುಗಳನ್ನು ಹಾಕುವುದು ಮೂಲಕ್ಕೆ ನಿಷ್ಠವಾದ ದಾರಿ. ಆದರೆ ಅಷ್ಟು ಸಣ್ಣ ಬಲ್ಬುಗಳು ಈಗ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಹಬ್ಬದ ಸೀರಿಯಲ್ ಸೆಟ್ಟುಗಳೂ ಎಲ್‌ಇಡಿಗೆ ಬದಲಾಗಿವೆ. ಅದಕ್ಕಿಂತ ಮುಖ್ಯವಾಗಿ, ಅಂಟು ಹಾಕಿ ಮುಚ್ಚಿದ ಮಾಸ್ಟನ್ನು ಪ್ರತಿ ಬಾರಿ ಬಿಚ್ಚುವುದು ಮಾದರಿಗೆ ಗಾಯ ಮಾಡಿದಂತೆಯೇ. ಆದ್ದರಿಂದ ಹೊರಗಿನ ಒಂಬತ್ತು ದೀಪಗಳಿಗೆ ಎಲ್‌ಇಡಿ ಎಂದು ನಿರ್ಧರಿಸಿದೆವು. ಉರಿಯುತ್ತಿದ್ದ ಮೇಲಿನ ಬಿಳಿ ಬಲ್ಬನ್ನೂ ತೆಗೆಯಬೇಕಾಯಿತು, ಏಕೆಂದರೆ ಮಾಸ್ಟ್‌ನ ಎರಡು ಬಿಳಿಗಳು ಒಂದೇ ಬಣ್ಣದಲ್ಲಿ, ಒಂದೇ ಪ್ರಮಾಣದಲ್ಲಿ ಬೆಳಗಿದಾಗಲೇ ಅವು ಎಳೆಯುವ ಸಂಕೇತವಾಗಿ ಓದಿಸಿಕೊಳ್ಳುತ್ತವೆ.

ಕ್ಯಾಬಿನ್ನಿನ ಎರಡು ಬಲ್ಬುಗಳನ್ನು ಮಾತ್ರ ಉಳಿಸಿಕೊಂಡೆವು. ದೀಪಗಳಿಗೆಲ್ಲ 5 ವೋಲ್ಟಿನ ಸ್ಥಿರ ಪೂರೈಕೆ ಕೊಡಲಿದ್ದುದರಿಂದ, 6 ವೋಲ್ಟಿನ ಆ ಬಲ್ಬುಗಳ ಬೆಳಕು ಅರ್ಧಕ್ಕೆ ಇಳಿದರೂ ಆಯುಷ್ಯ ಎಂಟೊಂಬತ್ತು ಪಟ್ಟು ಹೆಚ್ಚುತ್ತದೆ. ಕ್ಯಾಬಿನ್ ಕಿಟಕಿಯಿಂದ ಹೊರಬೀಳುವ ಬೆಳಕು ಮಂದವಾಗಿಯೂ ಬೆಚ್ಚಗೂ ಇರುವುದೇ ಚಂದ. ಅದಕ್ಕೆ ಫಿಲಮೆಂಟಿಗೆ ಸಮನಾದದ್ದನ್ನು ನಾನು ಇನ್ನೂ ಕಂಡಿಲ್ಲ.

5 ವೋಲ್ಟನ್ನು ಎಲ್ಲಿಂದ ತರುವುದು ಎಂಬುದು ಸಣ್ಣ ಪ್ರಶ್ನೆಯಲ್ಲ. ವೇಗ ನಿಯಂತ್ರಕದಿಂದ, ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೂ ಚುಕ್ಕಾಣಿ ತಿರುಗಿಸುವ ಸರ್ವೋ ಮೋಟಾರಿಗೂ 5 ವೋಲ್ಟ್ ಹೋಗುತ್ತಲೇ ಇರುತ್ತದೆ, ದೀಪಗಳನ್ನೂ ಅದಕ್ಕೇ ಜೋಡಿಸುವುದು ಸುಲಭ. ಆದರೆ ದೀಪದ ವೈರೆಲ್ಲಾದರೂ ಶಾರ್ಟ್ ಆದರೆ ರಿಸೀವರ್ ಕೂಡ ಸತ್ತು, ನಡುನೀರಿನಲ್ಲಿ ದೋಣಿ ಕೈತಪ್ಪುತ್ತದೆ. ಅದಕ್ಕಾಗಿ ದೀಪಗಳಿಗೆಂದೇ ಬೇರೆಯಾಗಿ, ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಸಣ್ಣ ಬಕ್ ಕನ್ವರ್ಟರ್ ಒಂದನ್ನು 1 ಆಂಪಿಯರ್ ಫ್ಯೂಸಿನೊಂದಿಗೆ ಜೋಡಿಸಿ, ರಿಸೀವರಿನಿಂದ ಸಾಧ್ಯವಾದಷ್ಟು ದೂರದಲ್ಲಿಟ್ಟೆ. ಅಂಗಡಿಯಲ್ಲಿ ಮೊದಲು ಕೈಗೆ ಬರುವ, ವೋಲ್ಟೇಜನ್ನು 5ಕ್ಕೆ ಇಳಿಸಿ ಸ್ಥಿರವಾಗಿಡುವ 7805 ಐಸಿ ಇಲ್ಲಿ ಒಗ್ಗುವುದಿಲ್ಲ; 5 ವೋಲ್ಟ್ ಕೊಡಲು ಅದಕ್ಕೆ ಸುಮಾರು 7 ವೋಲ್ಟ್ ಬೇಕು, ಬ್ಯಾಟರಿ ಇಳಿದಂತೆ ದೀಪವೂ ಇಳಿಯುತ್ತದೆ. ಕನ್ವರ್ಟರಿನ ವೋಲ್ಟೇಜ್ ತಿರುಪನ್ನು 5.0ಕ್ಕೆ ಹೊಂದಿಸಿದ ಮೇಲೆ, ಮೋಟಾರಿನ ಅದುರಿಗೆ ಸರಿಯದಂತೆ ಅದರ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಹಾಕಿದೆ.

ಜೋಡಣೆ

ಎಲ್‌ಇಡಿಗಳ ಬಣ್ಣದ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕಿತ್ತು. ಮೂಲದಲ್ಲಿ ಬದಿಯ ದೀಪಗಳೊಳಗೆ ಬಿಳಿ ಬಲ್ಬಿದ್ದು, ಬಣ್ಣ ಬರುತ್ತಿದ್ದುದು ಹೊರಗಿನ ಪ್ಲಾಸ್ಟಿಕ್ ಗಾಜಿನಿಂದ. ಹಸಿರು ಗಾಜನ್ನು ಹಗಲಿನಲ್ಲಿ ಹಿಡಿದು ನೋಡಿದರೆ ಅದು ನೀಲಿಯತ್ತ ವಾಲಿದ ಹಸಿರು. ಫಿಲಮೆಂಟಿನ ಬೆಳಕು ಹಳದಿಯಾಗಿರುವುದರಿಂದ, ಅಂಥ ಗಾಜಿನ ಮೂಲಕ ಹಾದಾಗ ಅದು ಸರಿಯಾದ ಹಸಿರಾಗಿ ಹೊರಬೀಳುತ್ತದೆ. ಎಣ್ಣೆ ದೀಪದ ಕಾಲದ ಹಡಗಿನ ಲಾಟೀನುಗಳಲ್ಲೂ ಇದೇ ಲೆಕ್ಕಾಚಾರವಿತ್ತು. ಅದೇ ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ, ಅದರಲ್ಲಿ ನೀಲಿಯ ಪಾಲು ಹೆಚ್ಚಿರುವುದರಿಂದ ದೀಪ ನೀಲಿಯಾಗಿ ಕಾಣುತ್ತದೆ. ಕೆಂಪು ಗಾಜಿನ ಹಿಂದೆ ಇಟ್ಟರೆ ಕೆಂಪಿನ ಪಾಲು ಸಾಲದೆ ಮಂಕಾಗುತ್ತದೆ. ಹಾಗಾಗಿ ಕೆಂಪಿಗೆ ಕೆಂಪು ಎಲ್‌ಇಡಿ, ಹಸಿರಿಗೆ ಹಸಿರು ಎಲ್‌ಇಡಿ, ಹಳದಿಗೆ ಹಳದಿ. ಮಾಸ್ಟ್ ಮತ್ತು ಹಿಂಬದಿಗೆ ಬೆಚ್ಚಗಿನ ಬಿಳಿಯ ಎಲ್‌ಇಡಿ ಹಾಕಿದೆವು.

ಕೆಂಪು ಮತ್ತು ಹಳದಿ ಎಲ್‌ಇಡಿಗಳು ಸುಮಾರು 2 ವೋಲ್ಟಿನಲ್ಲಿ, ಹಸಿರು ಮತ್ತು ಬಿಳಿ ಸುಮಾರು 3 ವೋಲ್ಟಿನಲ್ಲಿ ಉರಿಯುತ್ತವೆ. ಎಲ್ಲಕ್ಕೂ ಸೇರಿಸಿ, ವಿದ್ಯುತ್ ಹರಿವಿಗೆ ಮಿತಿ ಹಾಕುವ ಒಂದೇ ರೆಸಿಸ್ಟರ್ ಹಾಕಿದರೆ ಕೆಂಪು ದೀಪವೇ ವಿದ್ಯುತ್ತನ್ನೆಲ್ಲ ಸೆಳೆದುಕೊಂಡು ಬಿಳಿ ದೀಪ ಆರಿಯೇ ಇರುತ್ತದೆ. ಆದ್ದರಿಂದ ಪ್ರತಿ ಎಲ್‌ಇಡಿಗೂ ತನ್ನದೇ ರೆಸಿಸ್ಟರ್ ಕೊಟ್ಟೆ. ಬಿಳಿಗೆ 390 ಓಮ್, ಕೆಂಪು ಮತ್ತು ಹಳದಿಗೆ 560 ಓಮ್ ಹಾಕಿದಾಗ 5 ಮಿಲಿಆಂಪಿಯರ್ ಆಸುಪಾಸು ಹರಿಯುತ್ತದೆ, ಈ ಅಳತೆಯ ಮಾದರಿಗೆ ಅದು ಧಾರಾಳ. ಹಸಿರಿಗೂ 390 ಹಾಕಿ ಹೊತ್ತಿಸಿದಾಗ ಅದು ಕೆಂಪನ್ನು ನುಂಗಿಹಾಕುವಷ್ಟು ಪ್ರಖರವಾಗಿತ್ತು. ನಮ್ಮ ಕಣ್ಣು ಹಸಿರಿಗೆ ಎಲ್ಲ ಬಣ್ಣಗಳಿಗಿಂತ ಹೆಚ್ಚು ಸೂಕ್ಷ್ಮ. 1000 ಓಮ್ ಹಾಕಿದ ಮೇಲೆ ಎರಡೂ ಬದಿ ಸಮವಾದವು. ಡೆಕ್ ದೀಪಗಳಿಗೆ 220, ಸರ್ಚ್‌ಲೈಟಿಗೆ 150 ಓಮ್ ಸಾಕಾಯಿತು. ಹನ್ನೊಂದು ಬಲ್ಬುಗಳು ತಲಾ 60 ಮಿಲಿಆಂಪಿಯರಿನಂತೆ ಸೆಳೆಯುತ್ತಿದ್ದ 660 ಈಗ, ಕ್ಯಾಬಿನ್ ಬಲ್ಬುಗಳೂ ಸೇರಿ, 170ರ ಸುತ್ತ ನಿಂತಿತು. ರೆಸಿಸ್ಟರುಗಳನ್ನು ಮಾಸ್ಟಿನೊಳಗೆ ತುರುಕದೆ ಒಡಲಿನೊಳಗಿನ ಒಂದು ಸಣ್ಣ ಬೋರ್ಡಿನ ಮೇಲೆ ಸಾಲಾಗಿ ಬೆಸೆದೆ. ಮುಂದೆ ಯಾವುದೋ ದೀಪವನ್ನು ಮಂದ ಮಾಡಬೇಕೆನಿಸಿದರೆ ಅಲ್ಲೇ ಬದಲಿಸಬಹುದು.

ಬಲ್ಬಿಗೆ ಪ್ಲಸ್-ಮೈನಸ್ ಭೇದವಿಲ್ಲ, ಎಲ್‌ಇಡಿಗೆ ಇದೆ. ಈ ದೋಣಿಯ ಹಿತ್ತಾಳೆ ಮಾಸ್ಟೇ ಒಂದು ಸಾಮಾನ್ಯ ತಂತಿಯಂತೆ ಕೆಲಸ ಮಾಡುತ್ತಿತ್ತು, ಮತ್ತು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಮೈನಸ್ ಬದಿಯನ್ನು ಕಡಿದು ಜೋಡಿಸುವ ಬಗೆಯವಾದ್ದರಿಂದ ಮಾಸ್ಟ್ ಪ್ಲಸ್ ಬದಿಗೆ ಸೇರಿತ್ತು. ಇಂಥ ಕಡೆ ಊಹೆ ನಡೆಯದು, ಮೀಟರಿನಿಂದ ನೋಡಿಯೇ ಬೆಸೆಯಬೇಕು. ಮಾಸ್ಟಿಗೆ 1.6 ಮಿಲಿಮೀಟರ್ ಉದ್ದದ ಪುಟ್ಟ ಎಲ್‌ಇಡಿಗಳನ್ನು ಬಳಸಿದೆ. ಅವುಗಳಿಗೆ ತಲೆಗೂದಲಿನಷ್ಟು ತೆಳುವಾದ ಎನಾಮಲ್ ವೈರನ್ನು ಬೆಸೆಯುವಾಗ ಎಲ್‌ಇಡಿಯನ್ನು ಎರಡು ಬದಿಗೂ ಅಂಟುವ ಟೇಪಿನ ಮೇಲೆ ಬೆನ್ನಡಿಯಾಗಿ ಕೂರಿಸಿ, ವೈರಿನ ತುದಿಗೆ ಮೊದಲೇ ಬೆಸುಗೆ ಹಚ್ಚಿಟ್ಟುಕೊಂಡು, ಕಡ್ಡಿಯನ್ನು ಒಂದು ಕ್ಷಣವಷ್ಟೇ ತಾಗಿಸಬೇಕು. ಹೆಚ್ಚು ಹೊತ್ತು ಹಿಡಿದರೆ ಎಲ್‌ಇಡಿಯ ತುದಿಯ ಲೋಹವೇ ಕಳಚಿಬರುತ್ತದೆ.

ಬೆಳಕಿನ ವ್ಯಾಪ್ತಿಯನ್ನು ಸರಿಪಡಿಸುವುದಕ್ಕೆ ಬೆಸುಗೆಗಿಂತ ಹೆಚ್ಚು ತಾಳ್ಮೆ ಬೇಕಾಯಿತು. ಬದಿಯ ದೀಪಗಳ 3 ಮಿಲಿಮೀಟರ್ ಎಲ್‌ಇಡಿಗಳ ಗುಮ್ಮಟ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಅದನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಮಂಜು ಕವಿದಂತೆ ಮಾಡಿದಾಗ ಬೆಳಕು ಹರಡಿಕೊಂಡಿತು. ನಿಜವಾದ ಹಡಗಿನಲ್ಲಿ ಬದಿಯ ದೀಪದ ಒಳಬದಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದ ಮರೆ ಇರುತ್ತದೆ. ಮಾದರಿಯಲ್ಲೂ ಆ ಮರೆಗಳಿದ್ದವು, ಬಣ್ಣ ಸವೆದು ಹೊಳೆಯುತ್ತಿದ್ದುದರಿಂದ ಮತ್ತೆ ಬಳಿದೆ. ಎಲ್‌ಇಡಿ ಹೊತ್ತಿಸಿದಾಗ ಕ್ಯಾಬಿನ್ ಗೋಡೆಯ ಪ್ಲಾಸ್ಟಿಕ್ ಕೆಲವೆಡೆ ಒಳಗಿನಿಂದ ಹೊಳೆದದ್ದಕ್ಕೂ ಮದ್ದು ಕಪ್ಪು ಬಣ್ಣವೇ: ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ.

ಕ್ಯಾಬಿನ್ ಮೇಲೆತ್ತುವಾಗ ವೈರು ಜಗ್ಗಿ ಕಡಿಯದಂತೆ ನಡುವೆ ತಿರುವುಮುರುವಾಗಿ ಸೇರದ ಕನೆಕ್ಟರ್ ಹಾಕಿ, ಅದರ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಸವರಿದೆ. ವೈರುಗಳು ಡೆಕ್ಕನ್ನು ದಾಟುವ ತೂತುಗಳನ್ನು ಸಿಲಿಕೋನ್ ಅಂಟಿನಿಂದ ಮುಚ್ಚಿದೆ. ಇಲ್ಲಿ ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಬಳಸಬಾರದು, ಒಣಗುವಾಗ ಅದು ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ ತರಬೇಕು.

ಪರೀಕ್ಷೆ

ಮೇಜಿನ ಮೇಲೆ ದೊಡ್ಡ ಹಾಳೆಯೊಂದನ್ನು ಹಾಸಿ, ಕೋನಮಾಪಕದಿಂದ ಗೆರೆ ಎಳೆದು, ದೋಣಿಯನ್ನು ನಡುವೆ ಇಟ್ಟು ಕೋಣೆಯನ್ನು ಕತ್ತಲೆ ಮಾಡಿದೆವು. ಕಣ್ಣನ್ನು ಡೆಕ್ಕಿನ ಮಟ್ಟಕ್ಕೆ ಇಳಿಸಿಕೊಂಡು ಮಾಲೀಕರು ಸುತ್ತ ನಡೆದರು. ಬಂದರಿನಲ್ಲಿ ಅಭ್ಯಾಸವಾದ ಅವರ ಕಣ್ಣಿಗೆ ಕೋನಮಾಪಕದ ಅಗತ್ಯ ಇರಲಿಲ್ಲವೆಂದೇ ಹೇಳಬೇಕು. ನೇರ ಮುಂದೆ ನಿಂತಾಗ ಕೆಂಪು, ಹಸಿರು ಎರಡೂ ಕಂಡವು. ದೋಣಿಯ ಬಲಬದಿಗೆ ಸರಿದಾಗ ಕೆಂಪು ಮರೆಯಾಯಿತು. ದೋಣಿಯ ಉದ್ದಕ್ಕೆ ನೇರ ಅಡ್ಡವಾದ ಗೆರೆಯಿಂದ 22.5 ಡಿಗ್ರಿ ಹಿಂದಕ್ಕೆ ಹೋದಾಗ ಹಸಿರೂ ಮಾಸ್ಟ್‌ನ ಬಿಳಿಯೂ ಮರೆಯಾಗಿ ಹಿಂಬದಿಯ ದೀಪ ಕಾಣಬೇಕಿತ್ತು. ಹಿಂಬದಿಯ ದೀಪ ಅದಕ್ಕೂ ಮೊದಲೇ ಇಣುಕಿದ್ದನ್ನು ಅವರು ಕೂಡಲೇ ಹಿಡಿದರು. ಎಲ್‌ಇಡಿಯ ಪಕ್ಕಕ್ಕೆ ಹೀಟ್ ಶ್ರಿಂಕ್ ಕೊಳವೆಯ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಸಣ್ಣ ತುಂಡೊಂದನ್ನು ಅಂಟಿಸಿ ಅದನ್ನೂ ಸರಿಪಡಿಸಿದೆವು. ಆಮೇಲೆ 8.4 ವೋಲ್ಟಿನ ತುಂಬಿದ ಬ್ಯಾಟರಿಯಲ್ಲೂ, 6.6ಕ್ಕೆ ಇಳಿದ ಬ್ಯಾಟರಿಯಲ್ಲೂ ಬಲ್ಬು ಮತ್ತು ಎಲ್‌ಇಡಿಗಳಿಗೆ ಹೋಗುವ ವೋಲ್ಟೇಜ್ ಅಳೆದಾಗ ಎರಡೂ ಬಾರಿ 5.0 ಬಂತು.

ನೀರಿನ ಮೇಲೆ ಬಾರ್ಜ್ ಕಟ್ಟಿ ಎಳೆಸಿದಾಗ ಮೇಲಿನ ಬಿಳಿಯೂ ಹಿಂದಿನ ಹಳದಿಯೂ ಬೇಕಾದಂತೆ ಹೊತ್ತಿಕೊಂಡವು, ದೋಣಿ ತಿರುಗುವ ದಿಕ್ಕು ದಡದಿಂದ ತಪ್ಪದೆ ತಿಳಿಯಿತು. ಮುಂದಿನ ಮಳೆಗಾಲ ಕಳೆದ ಮೇಲೆ ದೋಣಿಯನ್ನು ಮತ್ತೆ ಬಿಚ್ಚಿ ನೋಡಿದಾಗ ಒಂಬತ್ತು ಎಲ್‌ಇಡಿಗಳೂ ಎರಡು ಬಲ್ಬುಗಳೂ ಸರಿಯಾಗಿದ್ದವು. ಕನೆಕ್ಟರಿನ ಒಂದು ಪಿನ್ನಿನಲ್ಲಿ ಮಾತ್ರ ಗ್ರೀಸ್ ತಾಗದೆ ಉಳಿದ ಕಡೆ ಸಣ್ಣ ಹಸಿರು ಕಲೆ ಕಂಡಿತು. ಆ ಪಿನ್ನನ್ನು ಬದಲಿಸಿ, ಎಲ್ಲಕ್ಕೂ ಹೊಸ ಗ್ರೀಸ್ ಹಚ್ಚಿ, ಯಾವ ದೀಪಕ್ಕೆ ಯಾವ ರೆಸಿಸ್ಟರ್, ಯಾವ ಬಣ್ಣದ ವೈರು ಎಂಬ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದೆವು. ಬ್ಯಾಟರಿಯನ್ನು ಮತ್ತೆ ಬದಲಿಸುವವರು 16 ವೋಲ್ಟ್ ದಾಟುವಂಥದ್ದನ್ನು ಹಾಕುವುದಾದರೆ ಕನ್ವರ್ಟರ್ ತಾಳುವ ಗರಿಷ್ಠ ವೋಲ್ಟೇಜನ್ನು ಮೊದಲು ನೋಡಿಕೊಳ್ಳಬೇಕೆಂದು ಆ ಚೀಟಿಯ ಕೊನೆಯ ಸಾಲಿನಲ್ಲಿ ಬರೆದಿದೆ.